ಮೂಳೆಗೆ ಮೂಳೆ ಕೂಡಿಸು, ಮೃದ್ವಸ್ಥಿಯನ್ನು ಅದರ ಪಾಡಿಗೆ ಬಿಡು

ಮಗು, ಮಂಡಿಯ ಎಂಆರ್‌ಐ ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಕೂಡಿಸಿ, ವರ್ಷದಿಂದ ವರ್ಷಕ್ಕೆ ಏನು ಬದಲಾಯಿತು ಅಂತ ನೋಡುವ ಕೆಲಸಕ್ಕೆ ಸೇರಿದ್ದೀಯಂತೆ. ಕೇಳಿ ಖುಷಿಯಾಯಿತು. ಒಳ್ಳೆಯ ಕೆಲಸ, ಬೇಕಾದ ಕೆಲಸ. ಗಣಿತ ನಿನ್ನ ನಾಲಿಗೆ ತುದಿಯಲ್ಲಿದೆ, ಕಂಪ್ಯೂಟರ್ ನೀನು ಹೇಳಿದಂತೆ ಕೇಳುತ್ತದೆ, ಕೈ ಚುರುಕು. ನನಗೆ ದಿಗಿಲಿರುವುದೂ ಆ ಚುರುಕು ಕೈಯದೇ. ಕೈ ಮುಂದೆ ಓಡಿದರೆ ಕಣ್ಣು ಹಿಂದೆ ಉಳಿಯುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಎಕ್ಸ್‌ರೇ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡುತ್ತಿದ್ದ ಕಾಲದಿಂದ ಮಂಡಿಗಳನ್ನೇ ನೋಡಿಕೊಂಡು ಬಂದವನು ನಾನು. ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೋ. ಒಪ್ಪದಿದ್ದರೆ ಆಮೇಲೆ ಕೂತು ಜಗಳವಾಡೋಣ.

ಮೊದಲು ಅಳತೆ ತಲೆಗೆ ಇಳಿಯಲಿ. ಮಂಡಿಯೊಳಗೆ ಮೂಳೆಗಳ ತುದಿಯನ್ನು ಮುಚ್ಚಿರುವ ಮೃದ್ವಸ್ಥಿ, ನೀವೆಲ್ಲ ಕಾರ್ಟಿಲೇಜ್ ಅನ್ನುತ್ತೀರಲ್ಲ ಅದು, ಹೆಚ್ಚಿನ ಕಡೆ ಎರಡು ಮೂರು ಮಿಲಿಮೀಟರ್ ದಪ್ಪ. ಮಂಡಿಚಿಪ್ಪಿನ ಹಿಂಬದಿಯಲ್ಲಿ ಇನ್ನೂ ಕೊಂಚ ದಪ್ಪ. ತೂಕದಲ್ಲಿ ಬಹುಪಾಲು ನೀರೇ. ರಕ್ತನಾಳ ಇಲ್ಲ, ನರ ಇಲ್ಲ. ಹಾಗಾಗಿ ಸವೆಯುವಾಗ ಕೂಗಿ ಹೇಳುವುದಿಲ್ಲ, ಸವೆದದ್ದು ಸುಲಭಕ್ಕೆ ಮತ್ತೆ ತುಂಬಿಕೊಳ್ಳುವುದೂ ಇಲ್ಲ. ಮಂಡಿಸವೆತ ಇರುವವರಲ್ಲಿ ಇದು ವರ್ಷಕ್ಕೆ ಸುಮಾರು ಶೇಕಡಾ ಒಂದೆರಡರಷ್ಟು ತೆಳುವಾಗುತ್ತದೆ. ಎರಡು ಮಿಲಿಮೀಟರಿಗೆ ಶೇಕಡಾ 2 ಅಂದರೆ 0.04 ಮಿ.ಮೀ.

ಈಗ ನಿನ್ನ ಕೈಯಲ್ಲಿರುವ ಚಿತ್ರ ನೋಡು. ಅಮೆರಿಕದ ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್ ಅನ್ನುವ ದೊಡ್ಡ ಅಧ್ಯಯನ ಇದೆಯಲ್ಲ, ನೀನೂ ಅದರ ಚಿತ್ರಗಳಲ್ಲೇ ಕೈ ಪಳಗಿಸಿಕೊಳ್ಳುತ್ತಿರಬೇಕು. 2004ರಲ್ಲಿ ಜನರನ್ನು ಸೇರಿಸಿಕೊಳ್ಳಲು ಶುರುಮಾಡಿದರು. ಬಾಲ್ಟಿಮೋರ್, ಕೊಲಂಬಸ್, ಪಿಟ್ಸ್‌ಬರ್ಗ್, ಪಾಟಕೆಟ್ ಊರುಗಳಲ್ಲಿ 45ರಿಂದ 79 ವಯಸ್ಸಿನ 4,796 ಮಂದಿ. ವರ್ಷಗಳುದ್ದಕ್ಕೂ ಮತ್ತೆ ಮತ್ತೆ ಕರೆಸಿ 3 ಟೆಸ್ಲಾ ಯಂತ್ರದಲ್ಲಿ ಮಂಡಿಯ ಚಿತ್ರ ತೆಗೆದರು. ಆ ಚಿತ್ರಗಳನ್ನು ಲೋಕದ ಸಂಶೋಧಕರಿಗೆಲ್ಲ ತೆರೆದಿಟ್ಟರು. ದೊಡ್ಡ ಮನಸ್ಸು ಅದು. ಅದರಲ್ಲಿ ಡೆಸ್ ಅನ್ನುವ ಎಂಆರ್‌ಐ ಸರಣಿಯಲ್ಲಿ ಒಂದೊಂದು ಪದರ 0.7 ಮಿ.ಮೀ. ದಪ್ಪ, ಪದರದೊಳಗೆ ಒಂದು ಚುಕ್ಕೆ 0.365 ಮಿ.ಮೀ. ಅಂದರೆ ವರ್ಷದ ಸವೆತ ನಿನ್ನ ಒಂದು ಪಿಕ್ಸೆಲ್ಲಿನ ಹತ್ತನೇ ಒಂದು ಪಾಲು! ಬರಿಗಣ್ಣಿಗೆ ಕಾಣುವ ಮಾತಲ್ಲ.

ಹಾಗಿದ್ದರೆ ಅಳೆಯುವುದು ಹೇಗೆ? ಸಾವಿರಾರು ಬಿಂದುಗಳಲ್ಲಿ ದಪ್ಪ ಅಳೆದು ಸರಾಸರಿ ತೆಗೆಯುತ್ತೇವೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬಂದ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಆದರೆ ಎಲ್ಲ ಬಿಂದುಗಳಲ್ಲೂ ಒಂದೇ ಕಡೆಗೆ ವಾಲುವ ತಪ್ಪು ಇದೆಯಲ್ಲ, ಅದು ಎಷ್ಟು ಸಾವಿರ ಬಿಂದು ಸೇರಿಸಿದರೂ ಕದಲುವುದಿಲ್ಲ. ನಾನು ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಆ ವಾಲುವ ತಪ್ಪಿನ ವಿಚಾರವೇ.

ಇಷ್ಟು ಚಿಕ್ಕದಕ್ಕೆ ಇಷ್ಟೆಲ್ಲ ಯಾಕೆ ಅನ್ನಬೇಡ. 2019ರಲ್ಲಿ ಜಾಮಾ ಪತ್ರಿಕೆಯಲ್ಲಿ ಸ್ಪ್ರಿಫರ್ಮಿನ್ ಅನ್ನುವ ಔಷಧಿಯ ಪರೀಕ್ಷೆಯ ಫಲಿತಾಂಶ ಬಂತು. ಮಂಡಿಯೊಳಕ್ಕೇ ಚುಚ್ಚುವ ಮದ್ದು. 549 ಮಂದಿ ಒಪ್ಪಿ ಸೇರಿದ್ದರು. ಎರಡು ವರ್ಷದ ಕೊನೆಗೆ, ಆರಾರು ತಿಂಗಳಿಗೆ ಹೆಚ್ಚಿನ ಪ್ರಮಾಣದ ಮದ್ದು ತೆಗೆದುಕೊಂಡವರ ಮೃದ್ವಸ್ಥಿ, ಹುಸಿಮದ್ದು ತೆಗೆದುಕೊಂಡವರಿಗೆ ಹೋಲಿಸಿದರೆ 0.05 ಮಿ.ಮೀ. ಮುಂದಿತ್ತು. ಅಷ್ಟೇ. ಆ ಔಷಧಿಯ ಹಣೆಬರಹ ಆ 0.05ರ ಮೇಲೆ ನಿಂತಿತ್ತು. ಇನ್ನೊಂದು ಮಾತನ್ನೂ ಅದೇ ವರದಿ ಮುಚ್ಚಿಡದೆ ಹೇಳಿತು: ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸವೆತವನ್ನೇ ತಡೆಯುತ್ತದೆ ಅಂತ ಒಪ್ಪಿಗೆ ಪಡೆದ ಔಷಧಿ ಇವತ್ತಿಗೂ ಒಂದೂ ಇಲ್ಲ. ನಾಳೆ ಬರುವುದಿದ್ದರೆ ಅದನ್ನು ಹಿಡಿಯಬೇಕಾದದ್ದು ನಿನ್ನಂಥವರು ಮಾಡುವ ಅಳತೆಯೇ. ಆದ್ದರಿಂದ ಈ ಕೆಲಸದಲ್ಲಿ ಉಡಾಫೆ ಬೇಡ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಮನೆಯಲ್ಲಿ ಮಗುವಿನ ಎತ್ತರವನ್ನು ವರ್ಷವರ್ಷ ಬಾಗಿಲ ಚೌಕಟ್ಟಿಗೆ ಗೀಟು ಹಾಕಿ ಗುರುತು ಮಾಡುತ್ತೇವಲ್ಲ, ಅದು ನಡೆಯುವುದು ಚೌಕಟ್ಟು ನಿಂತಲ್ಲೇ ನಿಂತಿರುವುದರಿಂದ. ಮಗುವಿನ ತಲೆಗೆ ಸರಿಹೊಂದುವಂತೆ ಚೌಕಟ್ಟನ್ನೇ ಏರಿಸಿದರೆ ಮಗು ಬೆಳೆದೇ ಇಲ್ಲ! ಮಂಡಿಯಲ್ಲಿ ನಿನಗೆ ಚೌಕಟ್ಟು ಮೂಳೆ. ಬೆಳೆಯುವುದೋ ಸವೆಯುವುದೋ ಮೃದ್ವಸ್ಥಿ. ಮೂಳೆಗೆ ಮೂಳೆ ಕೂಡಿಸು, ಮೃದ್ವಸ್ಥಿಯನ್ನು ಅದರ ಪಾಡಿಗೆ ಬಿಡು, ಏನಾಗಿದೆ ಅಂತ ಅದೇ ಹೇಳಲಿ.

ನೀನು ಇಲ್ಲೇ ಎಡವುತ್ತೀಯ, ಈಗಲೇ ಹೇಳುತ್ತೇನೆ. ಬಿ-ಸ್ಪ್ಲೈನ್ ರಿಜಿಸ್ಟ್ರೇಷನ್ ಅಂತ ಒಂದಿದೆ. ಚಿತ್ರವನ್ನು ಬೇಕಾದ ಕಡೆ ಬೇಕಾದಷ್ಟು ಎಳೆದು, ಒತ್ತಿ, ಇನ್ನೊಂದರ ಮೇಲೆ ಕೂರಿಸುವ ವಿದ್ಯೆ. 1999ರಲ್ಲಿ ಲಂಡನ್ನಿನ ಡೇನಿಯಲ್ ರೂಕರ್ಟ್ ಮತ್ತು ಅವರ ಜೊತೆಯವರು ಅದನ್ನು ಸ್ತನದ ಎಂಆರ್‌ಐಗೆ ಬಳಸಿ ತೋರಿಸಿದರು. ಅಲ್ಲಿ ಅದು ಸರಿಯಾದ ಜಾಗದಲ್ಲಿತ್ತು, ಮೆತ್ತನೆಯ ಅಂಗ ಮಲಗಿದಂತೆಲ್ಲ ಆಕಾರ ಬದಲಿಸುತ್ತದೆ. ಇವತ್ತು ಇಲಾಸ್ಟಿಕ್ಸ್ ತಂತ್ರಾಂಶದಲ್ಲಿ ಒಂದು ಕಡತ ಬದಲಿಸಿದರೆ ಸಾಕು, ನಿನ್ನ ಎರಡು ಮಂಡಿಗಳು ಎಷ್ಟು ಚೆನ್ನಾಗಿ ಕೂಡಿಕೊಳ್ಳುತ್ತವೆ ಅಂದರೆ ನಿನಗೆ ಕುಣಿಯುವಂತಾಗುತ್ತದೆ. ಒಂದರಿಂದ ಒಂದು ಕಳೆದರೆ ಉಳಿಯುವುದು ಬರೀ ಬೂದು ಬಣ್ಣ, ಎಲ್ಲೂ ಒಂದು ಕಲೆ ಇಲ್ಲ. ಅಷ್ಟು ಚೆನ್ನಾಗಿ ಬಂದಾಗಲೇ ಅನುಮಾನ ಪಡಬೇಕು. ಆ ತಂತ್ರ ಸವೆದ ಮೃದ್ವಸ್ಥಿಯನ್ನು ಹಿಗ್ಗಿಸಿ ಹಳೆಯದರ ಮೇಲೆ ಕೂರಿಸಿದೆ. ನೀನು ಹುಡುಕುತ್ತಿದ್ದ ಸವೆತ ಆ ಎಳೆದಾಟದೊಳಗೆ ಹೂತುಹೋಗಿದೆ. ಬೇರೆ ಬೇರೆ ಜನರ ಮಂಡಿಗಳನ್ನು ಒಂದು ಮಾದರಿ ಮಂಡಿಗೆ ತರುವುದಕ್ಕೆ ಅದನ್ನು ಧಾರಾಳವಾಗಿ ಬಳಸು, ಮೃದ್ವಸ್ಥಿಯ ಗಡಿ ಗುರುತಿಸಲು ಮೊದಲ ಅಂದಾಜಿಗೆ ಬಳಸು. ಒಬ್ಬರದೇ ಮಂಡಿಯ ಎರಡು ವರ್ಷದ ಚಿತ್ರವನ್ನು ಹೋಲಿಸಿ ಕಳೆಯುವ ಜಾಗದಲ್ಲಿ ಮಾತ್ರ ಅದಕ್ಕೆ ಬಾಗಿಲು ಹಾಕು.

ಅಲ್ಲಿ ಬೇಕಾದದ್ದು ಬರೀ ಆರು ಸಂಖ್ಯೆ. ಮೂರು ದಿಕ್ಕಿಗೆ ಸರಿಸುವುದು, ಮೂರು ದಿಕ್ಕಿಗೆ ತಿರುಗಿಸುವುದು. ಆರೇ ಆರು ಅಂತ ಮೂಗು ಮುರಿಯಬೇಡ, ಆ ಆರರಲ್ಲೇ ನಿನ್ನ ಶ್ರದ್ಧೆಯ ಪರೀಕ್ಷೆ ಇದೆ. ತಿರುಗಿಸುವಲ್ಲಿ ಒಂದು ಡಿಗ್ರಿ ತಪ್ಪಿದರೆ ಕೇಂದ್ರದಿಂದ 50 ಮಿ.ಮೀ. ದೂರದ ಬಿಂದು ಸುಮಾರು 0.87 ಮಿ.ಮೀ. ಜಾರುತ್ತದೆ. ವರ್ಷದ ಸವೆತದ ಇಪ್ಪತ್ತು ಪಟ್ಟು! ಒಳಬದಿಯ ಭಾರ ಹೊರುವ ಜಾಗದ ದಪ್ಪವನ್ನು ಅಳೆಯುತ್ತಿದ್ದೇನೆ ಅಂದುಕೊಂಡು ಪಕ್ಕದ ಜಾಗದ ದಪ್ಪ ಅಳೆದಿರುತ್ತೀಯ.

ಇನ್ನೊಂದು. ತೊಡೆಮೂಳೆ, ಅದರ ಕೆಳಗಿನ ಟಿಬಿಯಾ, ಮುಂದಿನ ಮಂಡಿಚಿಪ್ಪು, ಮೂರೂ ಬೇರೆ ಬೇರೆ ಮೂಳೆ. ಹೋದ ವರ್ಷ ಕಾಲು ನೇರ ಚಾಚಿ ಮಲಗಿದ್ದವರು ಈ ವರ್ಷ ನೋವಿಗೆ ಕೊಂಚ ಮಡಿಸಿಕೊಂಡು ಮಲಗಿರುತ್ತಾರೆ. ಇಡೀ ಚಿತ್ರಕ್ಕೆ ಒಂದೇ ಹೊಂದಿಕೆ ಹಾಕಿದರೆ ತೊಡೆಮೂಳೆ ಕೂಡುತ್ತದೆ, ಟಿಬಿಯಾ ತಪ್ಪುತ್ತದೆ. ಇಲ್ಲವೇ ಎರಡೂ ಅರ್ಧರ್ಧ ತಪ್ಪುತ್ತವೆ, ಅದು ಇನ್ನೂ ಕೆಟ್ಟದ್ದು, ಕಣ್ಣಿಗೆ ಬೀಳುವುದೇ ಇಲ್ಲ. ಒಂದೊಂದು ಮೂಳೆಗೂ ಅದರದೇ ಮುಸುಕು ಹಾಕಿ ಪ್ರತ್ಯೇಕವಾಗಿ ಕೂಡಿಸು. ಮುಸುಕು ಮೂಳೆಯ ಒಳಗೇ ಇರಲಿ. ಸೋಮಾರಿತನಕ್ಕೆ ಅದನ್ನು ಹಿಗ್ಗಿಸಿ ಮೃದ್ವಸ್ಥಿಯನ್ನೂ ಸೇರಿಸಿಕೊಂಡರೆ ಮತ್ತೆ ಅದೇ ಕಥೆ, ಬದಲಾಗುವ ವಸ್ತುವೇ ಹೊಂದಿಕೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ಮೂಳೆ ಬದಲಾಗುವುದೇ ಇಲ್ಲವೇ ಅಂತ ಕೇಳುತ್ತೀಯ. ಒಳ್ಳೆಯ ಪ್ರಶ್ನೆ. ಬದಲಾಗುತ್ತದೆ. ಮಂಡಿಸವೆತದಲ್ಲಿ ಅಂಚುಗಳಲ್ಲಿ ಮೂಳೆಯ ಮೊಳೆಗಳು ಏಳುತ್ತವೆ, ಭಾರ ಹೊರುವ ಜಾಗ ನಿಧಾನಕ್ಕೆ ಅಗಲವಾಗಿ ಚಪ್ಪಟೆಯಾಗುತ್ತದೆ. ಅದಕ್ಕೇ ಅಂಚನ್ನು ಬಿಟ್ಟು ಒಳಗಿನದನ್ನು ನಂಬು. ಎರಡು ಉಬ್ಬುಗಳ ನಡುವಿನ ಕಣಿವೆ, ಟಿಬಿಯಾದ ನಡುವೆ ಏಳುವ ಮೊನೆಗಳು, ಮೇಲಕ್ಕೂ ಕೆಳಕ್ಕೂ ಹೋಗುವ ಮೂಳೆಯ ಕಾಂಡದ ಗಟ್ಟಿ ಗೋಡೆ. ಕೊಬ್ಬನ್ನು ಅಡಗಿಸದೆ ತೆಗೆದ ಚಿತ್ರವೂ ಇದ್ದರೆ ಅದೃಷ್ಟ, ಚಿಕ್ಕಂದಿನಲ್ಲಿ ಮೂಳೆ ಬೆಳೆದ ಜಾಗ ದೊಡ್ಡವರಾದ ಮೇಲೂ ತೆಳು ಗೆರೆಯಾಗಿ ಉಳಿದಿರುತ್ತದೆ. ಆ ಗೆರೆ ಸುಳ್ಳು ಹೇಳುವುದಿಲ್ಲ.

ಕೂಡಿಸಿದ ಮೇಲೆ ಕಣ್ಣಿಂದ ನೋಡು. ತಂತ್ರಾಂಶದ ಕೊನೆಯಲ್ಲಿ ಬೀಳುವ ಸಂಖ್ಯೆ ನೋಡಿ ಎದ್ದು ಹೋಗಬೇಡ. ಆ ಸಂಖ್ಯೆ ಕಡಿಮೆಯಾಯಿತು ಅಂದರೆ ಯಂತ್ರಕ್ಕೆ ತೃಪ್ತಿಯಾಯಿತು ಅಂತ, ನಿನಗೂ ಆಗಬೇಕು ಅಂತಲ್ಲ. ಎರಡು ಚಿತ್ರಗಳನ್ನು ಚದುರಂಗದ ಹಾಸಿನ ಹಾಗೆ ಮನೆ ಬಿಟ್ಟು ಮನೆ ಹಾಕಿ ತೋರಿಸುವ ಗುಂಡಿ ಇರುತ್ತದೆ. ಅದನ್ನು ಒತ್ತು. ಮೂಳೆಯ ಅಂಚಿನ ಕಪ್ಪು ಗೆರೆ ಒಂದು ಮನೆಯಿಂದ ಇನ್ನೊಂದಕ್ಕೆ ಮುರಿಯದೆ ಹರಿಯಬೇಕು. ತೊಡೆಮೂಳೆಯ ಹಿಂಬದಿಯ ದುಂಡಿನಲ್ಲಿ ನೋಡು, ತಿರುಗಿಸುವುದರಲ್ಲಿ ತಪ್ಪಿದ್ದರೆ ಮೊದಲು ಅಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆಮೇಲೆ ಎರಡೂ ಚಿತ್ರಗಳನ್ನು ಒಂದೇ ಜಾಗದಲ್ಲಿ ಬೇಗ ಬೇಗ ಬದಲಿಸಿ ನೋಡು. ಮೂಳೆ ಮಿಸುಕಬಾರದು. ಅದು ನಿಂತಲ್ಲೇ ನಿಂತು ಅದರ ಮೇಲಿನ ಪದರ ಮಾತ್ರ ಉಸಿರಾಡಿದ ಹಾಗೆ ಕಂಡರೆ, ಆಗ ನಿನ್ನ ಕಣ್ಣ ಮುಂದೆ ರೋಗ ಇದೆ. ಮೂರೂ ದಿಕ್ಕಿನ ಪದರಗಳಲ್ಲಿ ನೋಡಬೇಕು. ಒಂದೇ ದಿಕ್ಕಿನಲ್ಲಿ ಚೆನ್ನಾಗಿದ್ದದ್ದು ಇನ್ನೊಂದರಲ್ಲಿ ಬಣ್ಣ ಬಯಲು ಮಾಡುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಗಾದೆ ಈ ಡೆಸ್ ಚಿತ್ರಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಮೃದ್ವಸ್ಥಿಯೂ ಬೆಳ್ಳಗೆ, ಅದರ ಪಕ್ಕದ ಕೀಲುದ್ರವವೂ ಬೆಳ್ಳಗೆ. ಮಂಡಿಯಲ್ಲಿ ನೀರು ತುಂಬಿಕೊಂಡ ದಿನ ತೆಗೆದ ಚಿತ್ರದಲ್ಲಿ ಗಡಿ ಎಲ್ಲಿ ಅಂತ ಪಳಗಿದ ಕಣ್ಣೂ ತಡವರಿಸುತ್ತದೆ. ಯಂತ್ರ ತಡವರಿಸುವುದಿಲ್ಲ, ಅದು ಧೈರ್ಯವಾಗಿ ತಪ್ಪು ಗಡಿ ಬರೆಯುತ್ತದೆ. ಅಂಥ ಮಂಡಿಗಳನ್ನು ಬೇರೆ ಇಟ್ಟು ಸಾವಕಾಶವಾಗಿ ನೋಡು.

ಈಗ ಒಂದು ಸೂಕ್ಷ್ಮ. ಎರಡನೇ ವರ್ಷದ ಚಿತ್ರವನ್ನು ಸರಿಸಿ, ತಿರುಗಿಸಿ, ಮೊದಲ ವರ್ಷದ ಚೌಕಗಳ ಮೇಲೆ ಮತ್ತೆ ಬರೆಯುತ್ತೀಯಲ್ಲ, ಹಾಗೆ ಬರೆಯುವಾಗ ಅಕ್ಕಪಕ್ಕದ ಚುಕ್ಕೆಗಳನ್ನು ಬೆರೆಸಲೇಬೇಕಾಗುತ್ತದೆ. ಬೆರೆಸಿದರೆ ಅಂಚು ಮಸುಕಾಗುತ್ತದೆ. ಮೊದಲ ವರ್ಷದ ಚಿತ್ರ ಹರಿತವಾಗಿದೆ, ಎರಡನೆಯದು ಮಸುಕಾಗಿದೆ. ಈಗ ಎರಡಕ್ಕೂ ಒಂದೇ ವಿಧಾನದಲ್ಲಿ ಗಡಿ ಬರೆದರೆ ಮಸುಕಿನದು ದಪ್ಪವನ್ನು ಒಂದು ಕಡೆಗೆ ವಾಲಿಸುತ್ತದೆ. ಎಲ್ಲ ಬಿಂದುಗಳಲ್ಲೂ, ಎಲ್ಲ ಜನರಲ್ಲೂ. ರೋಗವಿಲ್ಲದ ಮಂಡಿಯಲ್ಲೂ ಬದಲಾವಣೆ ಕಾಣುತ್ತದೆ. ಮೆದುಳಿನ ಚಿತ್ರಗಳನ್ನು ಹೋಲಿಸುವವರು ಈ ಪೆಟ್ಟು ತಿಂದು, ಎರಡು ಚಿತ್ರಗಳನ್ನೂ ನಡುದಾರಿಗೆ ತರುವುದನ್ನು ಕಲಿತರು. ಎರಡಕ್ಕೂ ಸಮಾನ ಮಸುಕು. ಅದು ನ್ಯಾಯ. ಇನ್ನೂ ಒಳ್ಳೆಯದು ಬೇಕೆ? ಚಿತ್ರವನ್ನು ಮುಟ್ಟಲೇಬೇಡ. ಎರಡೂ ವರ್ಷದ ಗಡಿಗಳನ್ನು ಅವುಗಳ ಮೂಲ ಚಿತ್ರದಲ್ಲೇ ಬರೆ, ದಪ್ಪ ಅಲ್ಲೇ ಅಳೆ, ಆಮೇಲೆ ಆ ಮೇಲ್ಮೈಯ ಬಿಂದುಗಳನ್ನು ಮಾತ್ರ ಆರು ಸಂಖ್ಯೆ ಹಾಕಿ ಸರಿಸಿ ಜೋಡಿಸು. ಬಿಂದು ಸರಿದರೆ ಮಸುಕಾಗುವುದಿಲ್ಲ.

ಗಡಿ ಗುರುತಿನ ಚಿತ್ರವನ್ನೇ ಸರಿಸಬೇಕಾಗಿ ಬಂದರೆ ಬೆರೆಸುವ ವಿಧಾನ ಹಾಕಬೇಡ. ತೊಡೆಮೂಳೆಯ ಮೃದ್ವಸ್ಥಿಗೆ 1, ಟಿಬಿಯಾದ್ದಕ್ಕೆ 2 ಅಂತ ಗುರುತಿಟ್ಟಿದ್ದರೆ ನಡುವೆ 1.5 ಅನ್ನುವ ಅಂಗವೇ ಹುಟ್ಟಿಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ರಾತ್ರಿ ಹನ್ನೊಂದಕ್ಕೆ ಕೂತು ಮಾಡುವವರು ಮರೆಯುತ್ತಾರೆ. ಹಾಗೆಯೇ ಎಡ ಬಲದ ಗೊಂದಲ. ಚಿತ್ರವನ್ನು ಡೈಕಾಮ್ ಬಗೆಯ ಕಡತದಲ್ಲಿಟ್ಟರೆ ಅದು ಒಂದು ದಿಕ್ಕನ್ನು ಧನ ಅನ್ನುತ್ತದೆ, ನಿಫ್ಟಿ ಬಗೆಯ ಕಡತ ಅದರ ಎದುರು ದಿಕ್ಕನ್ನು ಧನ ಅನ್ನುತ್ತದೆ. ಮಂಡಿಗೆ ಎಡ ಬಲ ತಿರುಗಿದರೆ ಒಳಬದಿ ಹೊರಬದಿಯಾಗಿಬಿಡುತ್ತದೆ, ಸವೆತ ಒಳಗಿದ್ದದ್ದು ಹೊರಗೆ ಅಂತ ವರದಿಯಾಗುತ್ತದೆ. ಫಿಬುಲಾ ಅನ್ನುವ ಸಣ್ಣ ಮೂಳೆ ಯಾವತ್ತೂ ಹೊರಬದಿಗೇ ಇರುತ್ತದೆ. ಒಂದು ಕ್ಷಣ ಅದನ್ನು ಹುಡುಕು, ಅನುಮಾನ ತೀರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನಿನಗೆ ಹೇಳಬೇಕಾದದ್ದು ಇದು: ರೋಗ ಎಷ್ಟು ಬದಲಾಗಿದೆ ಅಂತ ಹೇಳುವ ಮೊದಲು ನಿನ್ನ ಕೈ ಎಷ್ಟು ನಡುಗುತ್ತದೆ ಅಂತ ತಿಳಿದುಕೋ. ಒಬ್ಬರನ್ನು ಸ್ಕ್ಯಾನ್ ಮಾಡಿ, ಮೇಜಿನಿಂದ ಎಬ್ಬಿಸಿ, ಮತ್ತೆ ಮಲಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡು. ನಡುವೆ ಸವೆತ ಆಗಿರಲು ಸಾಧ್ಯವಿಲ್ಲ. ಈಗ ನಿನ್ನ ಇಡೀ ಕ್ರಮ ನಡೆಸಿ ನೋಡು, ಎಷ್ಟು ವ್ಯತ್ಯಾಸ ಬರುತ್ತದೆ? ಅದೆಲ್ಲ ನಿನ್ನದು, ರೋಗಿಯದ್ದಲ್ಲ. ಹಲವರ ಮೇಲೆ ಹೀಗೆ ಮಾಡಿ ಒಬ್ಬೊಬ್ಬರೊಳಗಿನ ಹರಹನ್ನು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ನನ್ನು, ಲೆಕ್ಕ ಹಾಕು, ಅದನ್ನು 2.77ರಿಂದ ಗುಣಿಸು. ಒಬ್ಬ ರೋಗಿಯಲ್ಲಿ ಅದಕ್ಕಿಂತ ಕಡಿಮೆ ಬದಲಾವಣೆ ಕಂಡರೆ ಬಾಯಿ ಮುಚ್ಚಿಕೊಂಡಿರಬೇಕು. ನೂರಾರು ಜನರ ಸರಾಸರಿಯಲ್ಲಿ ಮಾತಾಡಬಹುದು, ಎದುರಿಗೆ ಕೂತ ಒಬ್ಬರಿಗೆ ನಿಮ್ಮದು ಸವೆದಿದೆ ಅಂತ ಹೇಳಲಾಗದು. ಈ ಎರಡನ್ನು ಕಲಸಿಬಿಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಬರೆದ ಗಡಿ ಸರಿಯಾದ ಗಡಿಯ ಮೇಲೆ ಎಷ್ಟು ಕೂತಿತು ಅಂತ ಹೇಳುವ ಡೈಸ್ ಅಂಕ 0.9 ಬಂತು ಅಂತ ಬೀಗುವವರನ್ನೂ ನೋಡಿದ್ದೇನೆ. ತೆಳು ಪದರಕ್ಕೆ 0.9 ಒಳ್ಳೆಯ ಅಂಕವೇ, ಆದರೆ ಉಳಿದ ಆ ಹತ್ತರಲ್ಲೊಂದು ಪಾಲಿನೊಳಗೆ ಐದು ವರ್ಷದ ಸವೆತ ಅಡಗಿ ಕೂತುಬಿಡಬಹುದು.

ಸಂಖ್ಯೆ ಅಡ್ಡಾದಿಡ್ಡಿ ಬಂದ ಕೂಡಲೇ ಯಂತ್ರವನ್ನು ಬೈಯಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಇಲ್ಲಿ ನೆಲವೂ ನಿಜವಾಗಿ ಡೊಂಕಾಗುವುದುಂಟು. ವರ್ಷಗಳ ನಡುವೆ ಯಂತ್ರದ ಭಾಗ ಬದಲಾಗುತ್ತದೆ, ತಂತ್ರಾಂಶ ಹೊಸದಾಗುತ್ತದೆ, ಅಳತೆ ಶೇಕಡಾ ಒಂದರಷ್ಟು ಹಿಗ್ಗಬಹುದು. ಎರಡು ಮಿಲಿಮೀಟರಿಗೆ ಶೇಕಡಾ 1 ಅಂದರೆ 0.02 ಮಿ.ಮೀ., ರೋಗದಷ್ಟೇ ದೊಡ್ಡದು. ಅದನ್ನು ಹಿಡಿಯಲು ಅಮೆರಿಕದ ಆ ಅಧ್ಯಯನದವರು ಅಳತೆ ಗೊತ್ತಿರುವ ಬೊಂಬೆವಸ್ತುಗಳನ್ನು, ಫ್ಯಾಂಟಮ್ ಅಂತ ಕರೆಯುವುದನ್ನು, ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಯಂತ್ರಗಳ ಮೇಲೆ ಕಣ್ಣಿಟ್ಟಿದ್ದರು. ನಿನಗೊಂದು ಉಪಾಯ ಹೇಳುತ್ತೇನೆ. ಆರು ಸಂಖ್ಯೆಯ ಜೊತೆಗೆ ಹಿಗ್ಗುವಿಕೆಯ ಒಂದು ಸಂಖ್ಯೆಯನ್ನೂ ಸೇರಿಸಿ ಒಮ್ಮೆ ನಡೆಸಿ ನೋಡು. ಐವತ್ತು ದಾಟಿದವರ ತೊಡೆಮೂಳೆ ಒಂದು ವರ್ಷದಲ್ಲಿ ಎಲ್ಲ ದಿಕ್ಕಿಗೂ ಬೆಳೆದಂತೆ ಕಂಡರೆ ಆ ಬೆಳವಣಿಗೆ ಯಂತ್ರದ್ದು.

ಕಂಪ್ಯೂಟರ್ ಬಿಟ್ಟು ಎದ್ದು ಒಮ್ಮೆ ಸ್ಕ್ಯಾನ್ ಕೋಣೆಗೆ ಹೋಗು. ಟೆಕ್ನಿಷಿಯನ್ ಹೇಗೆ ಕೆಲಸ ಮಾಡುತ್ತಾರೆ ನೋಡು. ಮಂಡಿಯನ್ನು ಸಂಕೇತ ಹಿಡಿಯುವ ಕಾಯಿಲ್ ಒಳಗೆ ಕೂರಿಸಿ, ಸಂದುಗಳಿಗೆ ಸ್ಪಂಜು ತುರುಕಿ, ಪಾದ ಹೊರಕ್ಕೆ ವಾಲದಂತೆ ಆನಿಕೆ ಕೊಟ್ಟು, ಅಮ್ಮಾ ಅಲ್ಲಾಡಬೇಡಿ ಅಂತ ಹೇಳುತ್ತಾರೆ. ಡೆಸ್ ಸರಣಿಯೊಂದಕ್ಕೇ ಹತ್ತು ನಿಮಿಷದ ಮೇಲೆ ಬೇಕು. ನೋವಿರುವ ಮಂಡಿಯನ್ನು ಅಷ್ಟು ಹೊತ್ತು ಅಲುಗಿಸದೆ ಇಡುವುದು ಎಷ್ಟು ಕಷ್ಟ ಅಂತ ರೋಗಿಯ ಮುಖ ನೋಡಿದರೆ ತಿಳಿಯುತ್ತದೆ. ಕೆಲವರು ನಿದ್ದೆ ಹೋಗುತ್ತಾರೆ, ಪಾದ ಪಕ್ಕಕ್ಕೆ ವಾಲುತ್ತದೆ. ಅಲುಗಿದ ಚಿತ್ರವನ್ನು ಯಾವ ರಿಜಿಸ್ಟ್ರೇಷನ್ನೂ ಉದ್ಧಾರ ಮಾಡುವುದಿಲ್ಲ. ಹೋದ ವರ್ಷದ ಚಿತ್ರವನ್ನು ಎದುರಿಗಿಟ್ಟುಕೊಂಡು ಅದೇ ಕೋನದಲ್ಲಿ ಮಲಗಿಸುವ ಒಬ್ಬ ಟೆಕ್ನಿಷಿಯನ್ ನಿನ್ನ ಹತ್ತು ಸಾಲು ಕೋಡಿಗಿಂತ ಹೆಚ್ಚಿನ ಕೆಲಸ ಮಾಡಿಕೊಡುತ್ತಾರೆ. ಅವರ ಹೆಸರು ತಿಳಿದುಕೋ, ಜೊತೆಗೆ ಕೂತು ಟೀ ಕುಡಿ.

ಸ್ಕ್ಯಾನಿಗೆ ಮೊದಲು ರೋಗಿಗಳು ಏನು ಮಾಡುತ್ತಿದ್ದರು ಅಂತಲೂ ಕೇಳಿಸು. ಮೃದ್ವಸ್ಥಿಯ ಹೆಚ್ಚು ಪಾಲು ನೀರು ಅಂದೆನಲ್ಲ, ಒತ್ತಿದರೆ ನೀರು ಸರಿಯುತ್ತದೆ. ಹತ್ತಾರು ಬಸ್ಕಿ ಹೊಡೆದರೆ ಮಂಡಿಚಿಪ್ಪಿನ ಮೃದ್ವಸ್ಥಿ ಶೇಕಡಾ ಐದಾರರಷ್ಟು ಕುಗ್ಗುತ್ತದೆ, ಮೊದಲಿನಂತಾಗಲು ಒಂದೂವರೆ ಗಂಟೆಗೂ ಮೇಲೆ ಹಿಡಿಯುತ್ತದೆ. ಒಂದು ವರ್ಷ ಆಟೋದಲ್ಲಿ ಬಂದು ಅರ್ಧ ದಿನ ಕಾದು ಕೂತು ಸ್ಕ್ಯಾನ್ ಮಾಡಿಸಿಕೊಂಡವರು, ಮುಂದಿನ ವರ್ಷ ಲಿಫ್ಟ್ ಕೆಟ್ಟು ಮೂರು ಮಹಡಿ ಹತ್ತಿ ಬಂದು ನೇರ ಮಲಗಿದರೆ? ನಿನ್ನ ಹೊಂದಿಕೆ ಎಷ್ಟೇ ಸರಿಯಿದ್ದರೂ ಸವೆತ ಕಾಣುತ್ತದೆ. ಎಲ್ಲರನ್ನೂ ಮೊದಲು ಅಷ್ಟೇ ಹೊತ್ತು ಕೂರಿಸಿ, ಆಮೇಲೆ ಒಳಗೆ ಕಳಿಸಬೇಕು.

ಮೃದ್ವಸ್ಥಿಯೊಳಗಿನ ನೀರು ಹೇಗಿದೆ ಅಂತ ತೋರಿಸುವ ಟಿ2 ನಕ್ಷೆಯ ವಿಷಯದಲ್ಲೂ ಎಚ್ಚರ ಬೇಕು. ದಪ್ಪ ಇಳಿಯುವ ಮೊದಲೇ ಒಳಗಿನ ಕೊಲಾಜನ್ ಎಳೆಗಳು ಸಡಿಲಾಗಿ, ನೀರು ಸಡಿಲವಾಗಿ ಓಡಾಡಿ ಟಿ2 ಏರುತ್ತದೆ. ಮುಂಚಿತವಾಗಿ ಸುಳಿವು ಕೊಡುತ್ತದೆ ಅಂತ ಅದರ ಮೇಲೆ ಎಲ್ಲರಿಗೂ ಆಸೆ. ಆದರೆ ಆ ಎಳೆಗಳು ಯಂತ್ರದ ಅಯಸ್ಕಾಂತದ ದಿಕ್ಕಿಗೆ ಸುಮಾರು 55 ಡಿಗ್ರಿಗೆ ತಿರುಗಿದ ಕಡೆ ರೋಗವಿಲ್ಲದೆಯೂ ಟಿ2 ಏರುತ್ತದೆ. ಕಾಲು ಮಲಗಿಸುವ ಕೋನ ಬದಲಾದರೆ ಏರುವ ಜಾಗವೂ ಬದಲಾಗುತ್ತದೆ. ಚಿತ್ರವನ್ನು ತಿರುಗಿಸಿ ಕೂಡಿಸಿದೆ ಅಂತ ಇದು ಸರಿಹೋಗುವುದಿಲ್ಲ. ಆಕಾರ ತಿರುಗುತ್ತದೆ, ಆ ಹೊತ್ತಿನಲ್ಲಿ ಬರೆದಿಟ್ಟ ಬೆಲೆ ತಿರುಗುವುದಿಲ್ಲ.

ಫಲಿತಾಂಶ ಓದುವಾಗಿನ ಸ್ವಭಾವದ ಬಗ್ಗೆ ಎರಡು ಮಾತು. ಯಾವ ಚಿತ್ರ ಮೊದಲಿನದು, ಯಾವುದು ಆಮೇಲಿನದು ಅನ್ನುವುದು ಗಡಿ ತಿದ್ದುವವರಿಗೆ ಗೊತ್ತಿರಬಾರದು. ನೀನು ಪ್ರಾಮಾಣಿಕ ಅಂತ ನನಗೆ ಗೊತ್ತು. ಆದರೂ ಇದು ಹಳೆಯ ಕಾಯಿಲೆಯ ಹೊಸ ಚಿತ್ರ ಅಂತ ತಿಳಿದ ಕೂಡಲೇ ಕೈ ತಾನಾಗಿ ಅರ್ಧ ಪಿಕ್ಸೆಲ್ ಒಳಗೆ ಗೆರೆ ಎಳೆಯುತ್ತದೆ. ಹೆಸರು, ತಾರೀಕು ಮುಚ್ಚಿಸಿ ಕಡತ ಕೊಡಲು ಹೇಳು. ಇನ್ನೊಂದು, ಮೃದ್ವಸ್ಥಿ ದಪ್ಪವಾದ ಹಾಗೆ ಬಂದ ಸಂಖ್ಯೆಗಳನ್ನು ತಪ್ಪು ಅಂತ ಕಿತ್ತು ಬಿಸಾಡಬೇಡ. ಕಾಯಿಲೆಯ ಮೊದಲ ಹಂತದಲ್ಲಿ ಊದಿಕೊಳ್ಳುವುದೂ ಉಂಟು. ಒಂದು ಕಡೆ ಸವೆದು ಇನ್ನೊಂದು ಕಡೆ ಊದಿದರೆ ಸರಾಸರಿ ಸೊನ್ನೆ ಬರುತ್ತದೆ, ಆ ಮಂಡಿಗೆ ಏನೂ ಆಗಿಲ್ಲ ಅಂತ ನೀನು ಬರೆದುಬಿಡುತ್ತೀಯ. ಬಿಂದುವಿಗೆ ಬಿಂದು ಹೊಂದಿಸಿ ನಕ್ಷೆ ಮಾಡುವುದು ಇದಕ್ಕೇ. ನಮ್ಮ ಕಾಲದ ಎಕ್ಸ್‌ರೇಯಲ್ಲಿ ಇದು ಆಗುತ್ತಿರಲಿಲ್ಲ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಕೊಟ್ಟ ದರ್ಜೆಗಳನ್ನೇ ಹಿಡಿದು, ಎರಡು ಮೂಳೆಗಳ ನಡುವಿನ ಸಂದು ಎಷ್ಟು ಕಿರಿದಾಯಿತು ಅಂತ ನೋಡುತ್ತಿದ್ದೆವು. ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಪಕ್ಕಕ್ಕೆ ಜಾರಿದರೂ ಆ ಸಂದು ಕಿರಿದಾಗುತ್ತದೆ, ಮೃದ್ವಸ್ಥಿ ಇದ್ದ ಹಾಗೇ ಇರುತ್ತದೆ. ಎಕ್ಸ್‌ರೇಗೆ ಅವೆರಡರ ವ್ಯತ್ಯಾಸ ತಿಳಿಯದು. ನಿನಗೆ ಅದಕ್ಕಿಂತ ಎಷ್ಟೋ ಒಳ್ಳೆಯ ಕಣ್ಣು ಸಿಕ್ಕಿದೆ, ಮಗು.

ಮತ್ತೆ, ನಿನ್ನ ನಕ್ಷೆಯಲ್ಲಿ ಸವೆತ ತೋರಿಸುವ ಕೆಂಪು ಹೆಚ್ಚಿದವರಿಗೆಲ್ಲ ನೋವು ಹೆಚ್ಚಿರುತ್ತದೆ ಅಂತ ತಿಳಿಯಬೇಡ. ಸವೆದೂ ನೋವಿಲ್ಲದೆ ಗದ್ದೆಗೆ ಇಳಿಯುವವರಿದ್ದಾರೆ, ಸ್ಕ್ಯಾನ್ ಚೆನ್ನಾಗಿದ್ದೂ ನೆಲದಿಂದ ಏಳಲಾರದವರಿದ್ದಾರೆ. ಎದುರಿಗೆ ಕೂತವರ ಮಾತನ್ನು ಚಿತ್ರದಿಂದ ತಳ್ಳಿಹಾಕಬೇಡ. ಚಿತ್ರ ಮೃದ್ವಸ್ಥಿಯ ಬಗ್ಗೆ ಹೇಳುತ್ತದೆ. ನೋವಿನ ಬಗ್ಗೆ ಹೇಳಬೇಕಾದವರು ಅವರೇ.

ಈ ವಾರ ಒಂದು ಕೆಲಸ ಮಾಡಿಕೊಂಡು ಬಾ. ಒಂದೇ ದಿನ ಎಬ್ಬಿಸಿ ಮಲಗಿಸಿ ಎರಡು ಸಲ ತೆಗೆದ ಸ್ಕ್ಯಾನ್‌ಗಳು ನಿಮ್ಮಲ್ಲಿ ಇವೆಯೇ ವಿಚಾರಿಸು. ಇಲ್ಲದಿದ್ದರೆ ಮಾಡಿಸಲು ನಿನ್ನ ಮೇಲಿನವರನ್ನು ಪೀಡಿಸು, ಹಿಂಜರಿಯಬೇಡ. ಇದ್ದರೆ ತೊಡೆಮೂಳೆ ಬೇರೆ, ಟಿಬಿಯಾ ಬೇರೆ ಕೂಡಿಸಿ, ದಪ್ಪ ಅಳೆದು, ವ್ಯತ್ಯಾಸ ಬರೆದಿಡು. ಆ ಸಂಖ್ಯೆ ಕೈಯಲ್ಲಿ ಹಿಡಿದುಕೊಂಡು ಬಂದರೆ ನಿನ್ನ ರೋಗಿಗಳ ಫಲಿತಾಂಶವನ್ನು ನಾವಿಬ್ಬರೂ ಕೂತು ಸಾವಕಾಶವಾಗಿ ನೋಡೋಣ. ಆ ಸಂಖ್ಯೆ ಇಲ್ಲದೆ ಬಂದರೆ ಕಾಫಿ ಕೊಡುತ್ತೇನೆ, ಫಲಿತಾಂಶದ ಬಗ್ಗೆ ಒಂದು ಮಾತೂ ಆಡುವುದಿಲ್ಲ.